ಬೀರುವಿನಲ್ಲಿಟ್ಟ ಪೆನ್‌ಡ್ರೈವ್‌ನ ಫೋಟೋಗಳು ತಾವಾಗಿಯೇ ಅಳಿಯುತ್ತವೆಯೇ?

ಪ್ರಶ್ನೆ: ಮಂಡ್ಯದಲ್ಲಿ ನಮ್ಮದೊಂದು ಫೋಟೋ ಸ್ಟುಡಿಯೋ ಇದೆ. ತಂದೆಯವರು ಆರಂಭಿಸಿದ್ದು. ಅವರು ತೆಗೆದ ನೆಗೆಟಿವ್‌ಗಳು ಟ್ರಂಕಿನಲ್ಲಿ ಇಂದಿಗೂ ಚೆನ್ನಾಗಿವೆ. ನಾನು ಡಿಜಿಟಲ್‌ಗೆ ಬಂದ ಮೇಲೆ ಮದುವೆ, ಗೃಹಪ್ರವೇಶಗಳ ಫೋಟೋಗಳನ್ನು ಇಪ್ಪತ್ತೆರಡು ಪೆನ್‌ಡ್ರೈವ್‌ಗಳಲ್ಲಿ ಮತ್ತು ಒಂದು ಎಸ್‌ಎಸ್‌ಡಿಯಲ್ಲಿ (ಪೆನ್‌ಡ್ರೈವ್‌ನಂತೆ ಚಿಪ್‌ನಲ್ಲೇ ಮಾಹಿತಿ ಇಡುವ ಡಿಸ್ಕ್) ಹಾಕಿ ಬೀರುವಿನಲ್ಲಿ ಇಟ್ಟಿದ್ದೇನೆ. ಮೊನ್ನೆ 2014ರ ಮದುವೆಯೊಂದರ ಫೋಟೋ ಕೇಳಿದರೆಂದು ತೆರೆದು ನೋಡಿದರೆ ಅರ್ಧದಷ್ಟು ತೆರೆಯುತ್ತಲೇ ಇಲ್ಲ. ಕೆಲವು ತೆರೆದರೂ ನಡುವಿನಿಂದ ಕೆಳಗೆ ಬರೀ ಬೂದು. ಪೆನ್‌ಡ್ರೈವ್ ಬಿದ್ದಿಲ್ಲ, ನೀರು ತಾಗಿಲ್ಲ. ಬಿ.ಎಸ್ಸಿ. ಓದುತ್ತಿರುವ ಮಗಳು, "ಎಲೆಕ್ಟ್ರಾನುಗಳು ಗೋಡೆ ತೂರಿ ಹೊರಗೆ ಹೋಗುತ್ತವೆ ಅಪ್ಪಾ, ಇದು ಕ್ವಾಂಟಂ ಏರಿಳಿತ, ಶೂನ್ಯ ತಾಪಮಾನದಲ್ಲೂ, ಅಂದರೆ ಮೈನಸ್ 273 ಡಿಗ್ರಿಯಲ್ಲೂ, ನಿಲ್ಲುವುದಿಲ್ಲ" ಎನ್ನುತ್ತಾಳೆ. ಅಂಗಡಿಗೆ ಬಂದವರೊಬ್ಬರು ಈ ಏರಿಳಿತವನ್ನು ತಡೆಯುವ "ಕ್ವಾಂಟಂ ಕವಚ" ಎಂಬ ಸ್ಟಿಕ್ಕರನ್ನು ಒಂದಕ್ಕೆ 1,500 ರೂಪಾಯಿಯಂತೆ ಕೊಡುತ್ತೇನೆ ಎಂದರು. ಮಗಳ ಮಾತು ನಿಜವೇ? ಸ್ಟಿಕ್ಕರ್ ಹಚ್ಚಬೇಕೇ, ಫ್ರಿಜ್‌ನಲ್ಲಿ ಇಡಬೇಕೇ? ಉಳಿದವೂ ಹೀಗೇ ಹೋಗುತ್ತವೆಯೇ?

ಉತ್ತರ: ಸ್ಟಿಕ್ಕರ್ ಕೊಳ್ಳಬೇಡಿ. ಇಪ್ಪತ್ತೆರಡಕ್ಕೆ ಮೂವತ್ತಮೂರು ಸಾವಿರ ರೂಪಾಯಿ ಆಗುತ್ತದೆ. ಆ ಹಣಕ್ಕೆ ಎರಡು ಒಳ್ಳೆಯ ಹಾರ್ಡ್ ಡಿಸ್ಕ್ ಬಂದು ಇನ್ನೂ ಮಿಗುತ್ತದೆ. ಮಗಳು ಹೇಳಿದ್ದರಲ್ಲಿ ಮುಕ್ಕಾಲು ಪಾಲು ಸರಿ. ಆದರೆ ಅವಳು ಹೊರಿಸಿದ ತಪ್ಪಿನಲ್ಲಿ ದೊಡ್ಡ ಪಾಲು ಕ್ವಾಂಟಂನದ್ದಲ್ಲ, ಅಂದರೆ ಪರಮಾಣು ಲೋಕದ ವಿಚಿತ್ರ ನಿಯಮಗಳದ್ದಲ್ಲ, ನಿಮ್ಮ ಬೀರು ಇರುವ ಕೋಣೆಯ ಸೆಕೆಯದು. ಉಳಿದ ಪೆನ್‌ಡ್ರೈವ್‌ಗಳೂ ಅದೇ ದಾರಿ ಹಿಡಿಯಬಹುದು. ಹಾಗಾಗಿ ಈ ಉತ್ತರವನ್ನು ಓದಿ ಮುಗಿಸುವುದಕ್ಕಿಂತ ಮೊದಲೇ ಅವುಗಳ ಪ್ರತಿ ತೆಗೆಯಲು ಕೂತರೂ ನನಗೆ ಬೇಸರವಿಲ್ಲ.

ಮಗಳು ಏರಿಳಿತ ಎಂದದ್ದನ್ನು ನಾನು ನಡುಕ ಎನ್ನುತ್ತೇನೆ. ಅದು ಏನು ಎಂಬಲ್ಲಿಂದ ಹೊರಡೋಣ. ಮೈಸೂರಿನ ಪ್ರಯೋಗಾಲಯವೊಂದರಲ್ಲಿ ನಾನು ಬಹಳ ವರ್ಷ ಪರಮಾಣು ಬಲ ಸೂಕ್ಷ್ಮದರ್ಶಕವನ್ನು ನಡೆಸಿದೆ. ಗ್ರಾಮಫೋನಿನ ಮುಳ್ಳು ತಟ್ಟೆಯ ಮೇಲೆ ಹರಿದಾಡಿದಂತೆ ಇದರಲ್ಲೂ ಒಂದು ಮೊನೆ ವಸ್ತುವಿನ ಮೈ ಮೇಲೆ ಹರಿದಾಡಿ ಅದರ ಉಬ್ಬುತಗ್ಗು ಬರೆದುಕೊಳ್ಳುತ್ತದೆ. ಮೊನೆ ಕೂತಿರುವುದು ಕಣ್ಣಿಗೆ ಕಾಣಿಸಿಯೂ ಕಾಣಿಸದಂಥ ತೆಳು ಹಲಗೆಯ ತುದಿಯಲ್ಲಿ. ಹೊಸದರಲ್ಲಿ ಆ ಹಲಗೆ ಒಂದೇ ಸಮನೆ ನಡುಗುವುದನ್ನು ಕಂಡು ನಾನು ರಸ್ತೆಯ ಬಸ್ಸುಗಳನ್ನು ಬೈದೆ. ಆಮೇಲೆ ಫ್ಯಾನು, ಎ.ಸಿ., ಪಕ್ಕದ ಕೋಣೆಯ ಪಂಪು. ಕೊನೆಗೆ ಗಾಳಿ ತುಂಬಿದ ಸ್ಕೂಟರ್ ಟ್ಯೂಬುಗಳ ಮೇಲೆ ಚಪ್ಪಡಿ ಕಲ್ಲು ಇಟ್ಟು, ಅದರ ಮೇಲೆ ಉಪಕರಣ ಕೂರಿಸಿ, ರಾತ್ರಿ ಎರಡು ಗಂಟೆಗೆ ಎಲ್ಲ ಸ್ವಿಚ್ಚು ಆರಿಸಿ ಕಾದೆ. ಬಸ್ಸಿನ ಕಂಪನ ಹೋಯಿತು. ಒಂದು ನಡುಕ ಮಾತ್ರ ಹೋಗಲಿಲ್ಲ: ಸುಮಾರು 0.3 ನ್ಯಾನೋಮೀಟರ್, ಅಂದರೆ ಒಂದು ಪರಮಾಣುವಿನ ಅಗಲದಷ್ಟು.

ಅದು ಕೋಣೆಯ ಕಾವೇ. ಸುತ್ತಲಿನ ಗಾಳಿಯ ಅಣುಗಳು ಮತ್ತು ಹಲಗೆಯದೇ ಪರಮಾಣುಗಳು ಎಡೆಬಿಡದೆ ಕುಲುಕುತ್ತವೆ. ಹಲಗೆ ಹಗುರವಾದ್ದರಿಂದ ಆ ಕುಲುಕಾಟ ಅದರಲ್ಲಿ ಎದ್ದು ಕಾಣುತ್ತದೆ. ತಮಾಷೆ ಎಂದರೆ, ನಾವು ಈ ನಡುಕವನ್ನೇ ಅಳೆದು ಹಲಗೆ ಎಷ್ಟು ಬಿಗಿ ಎಂದು ಲೆಕ್ಕ ಹಾಕುತ್ತೇವೆ. ಬಿಗಿ ಹೆಚ್ಚಿದಷ್ಟೂ ನಡುಕ ಕಡಿಮೆ. ನಾನು ಶತ್ರು ಎಂದುಕೊಂಡದ್ದು ತಕ್ಕಡಿಯಾಯಿತು. 1827ರಲ್ಲಿ ರಾಬರ್ಟ್ ಬ್ರೌನ್ ನೀರಿನಲ್ಲಿ ಪರಾಗದ ಕಣಗಳು ಕುಣಿಯುವುದನ್ನು ಕಂಡದ್ದೂ ಇದನ್ನೇ. 1905ರಲ್ಲಿ ಐನ್‌ಸ್ಟೈನ್ ಅದಕ್ಕೆ ಲೆಕ್ಕ ಕೊಟ್ಟರು.

ಹಾಗಾದರೆ ನಿಮ್ಮ ಕ್ಯಾಮೆರಾ ಸ್ಟ್ಯಾಂಡು ಏಕೆ ನಡುಗುವುದಿಲ್ಲ? ಮೇಲುಕೋಟೆಯ ತೇರಿನ ಹಗ್ಗ ಹಿಡಿದವರೆಲ್ಲ ಮಾತಾಡಿಕೊಳ್ಳದೆ, ಮನಸ್ಸು ಬಂದಂತೆ ಮುಂದಕ್ಕೋ ಹಿಂದಕ್ಕೋ ಎಳೆಯುತ್ತಾರೆ ಎಂದುಕೊಳ್ಳಿ. ನೂರು ಜನ ಎಳೆದರೆ, ಒಬ್ಬರದು ಇನ್ನೊಬ್ಬರಿಗೆ ವಜಾ ಆಗಿ, ಸಾಮಾನ್ಯವಾಗಿ ಹತ್ತು ಜನರ ಬಲ ಒಂದು ಕಡೆಗೆ ಉಳಿಯುತ್ತದೆ. ಹತ್ತು ಸಾವಿರ ಜನ ಎಳೆದರೆ ಉಳಿಯುವುದು ನೂರು ಜನರದು. ಮೊದಲನೆಯದರಲ್ಲಿ ನೂರಕ್ಕೆ ಹತ್ತು, ಎರಡನೆಯದರಲ್ಲಿ ನೂರಕ್ಕೆ ಒಂದು. ಕ್ಯಾಮೆರಾ ಸ್ಟ್ಯಾಂಡಿನಲ್ಲಿ ಪರಮಾಣುಗಳ ಸಂಖ್ಯೆಯನ್ನು ಬರೆಯಲು ಇಪ್ಪತ್ತಕ್ಕೂ ಹೆಚ್ಚು ಸೊನ್ನೆ ಬೇಕು. ಅಲ್ಲಿ ನಡುಕ ಉಂಟು, ಲೆಕ್ಕಕ್ಕಿಲ್ಲ. ವಸ್ತು ನ್ಯಾನೋ ಗಾತ್ರಕ್ಕೆ ಇಳಿದಾಗ ಹೊಸ ಶಕ್ತಿಯೇನೂ ಹುಟ್ಟುವುದಿಲ್ಲ. ಎಳೆಯುವವರು ಕಡಿಮೆಯಾಗುತ್ತಾರೆ, ಅಷ್ಟೇ.

ಈಗ ನಿಮ್ಮ ಕಸುಬಿಗೆ ಬರೋಣ, ಏಕೆಂದರೆ ಇದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಫಿಲ್ಮ್ ರೋಲಿನ ಮೇಲೆ ಬೆಳಕು ಬಿದ್ದಾಗ ಬೆಳ್ಳಿಯ ಲವಣದ ಹರಳಿನಲ್ಲಿ ನಾಲ್ಕೈದು ಬೆಳ್ಳಿಯ ಪರಮಾಣುಗಳ ಚುಕ್ಕೆ ಮೂಡುತ್ತದೆ. ಕಣ್ಣಿಗೆ ಕಾಣದ ಚಿತ್ರ ಅದು. ಡಾರ್ಕ್‌ರೂಮಿನಲ್ಲಿ ಡೆವಲಪರ್‌ಗೆ ಹಾಕಿದಾಗ ಆ ಚುಕ್ಕೆಯಿಂದ ಶುರುವಾಗಿ ಹರಳು ಪೂರ್ತಿ ಬೆಳ್ಳಿಯಾಗುತ್ತದೆ. ಒಂದು ಮೈಕ್ರೋಮೀಟರ್ ಅಗಲದ ಬೆಳ್ಳಿಯ ಕಣದಲ್ಲಿ ಸುಮಾರು ಮೂರು ಸಾವಿರ ಕೋಟಿ ಪರಮಾಣುಗಳಿರುತ್ತವೆ. ತೊಳೆಯದ ರೋಲನ್ನು ಬಿಸಿಲಿನಲ್ಲಿ ನಿಂತ ಕಾರಿನಲ್ಲಿ ಬಿಟ್ಟರೆ ಮಂಜು ಕವಿದಂತಾಗುತ್ತದೆ ಎಂದು ಸ್ಟುಡಿಯೋದವರಿಗೆಲ್ಲ ಗೊತ್ತು. ಅದಕ್ಕೇ ರೋಲುಗಳನ್ನು ಫ್ರಿಜ್‌ನಲ್ಲಿ ಇಡುವ ರೂಢಿಯಿತ್ತು. ತೊಳೆದ ಕಪ್ಪುಬಿಳುಪು ನೆಗೆಟಿವ್ ಮಾತ್ರ, ಬೂಷ್ಟು ಹಿಡಿಯದಂತೆ ನೋಡಿಕೊಂಡರೆ, ಟ್ರಂಕಿನಲ್ಲಿ ತಲೆಮಾರು ಕಳೆಯುತ್ತದೆ. ನಾಲ್ಕೈದು ಪರಮಾಣುಗಳ ಚುಕ್ಕೆಯನ್ನು ಕಾವು ಕೆಡಿಸಬಲ್ಲದು, ಮೂರು ಸಾವಿರ ಕೋಟಿಯ ಗುಡ್ಡೆಯನ್ನು ಅಲುಗಿಸಲಾರದು.

ಪೆನ್‌ಡ್ರೈವ್ ಎಂದರೆ ಎಂದೆಂದಿಗೂ ತೊಳೆಯದ ರೋಲು.

ಅದರೊಳಗಿನ ಚಿಪ್‌ನಲ್ಲಿ ಫೋಟೋದ ಪ್ರತಿ ಅಂಶವೂ ಎಲೆಕ್ಟ್ರಾನುಗಳನ್ನು ಕೂಡಿಹಾಕಿದ ಒಂದು ಪುಟ್ಟ ದೊಡ್ಡಿ. ಸುತ್ತ ಗಾಜಿನಂಥ ಸಿಲಿಕಾನ್ ಡೈಆಕ್ಸೈಡಿನ ಗೋಡೆ. ಗೋಡೆಯ ದಪ್ಪ ಸುಮಾರು ಏಳೆಂಟು ನ್ಯಾನೋಮೀಟರ್, ತಲೆಗೂದಲಿನ ಹತ್ತು ಸಾವಿರದಲ್ಲಿ ಒಂದು ಪಾಲು. ಹಿಂದೆ ಒಂದು ದೊಡ್ಡಿಯಲ್ಲಿ "ಇದೆ" ಅಥವಾ "ಇಲ್ಲ" ಎಂಬ ಎರಡೇ ಸ್ಥಿತಿ ಇರುತ್ತಿತ್ತು. ಕಡಿಮೆ ಬೆಲೆಗೆ ಹೆಚ್ಚು ಜಿ.ಬಿ. ಕೊಡುವ ಭರದಲ್ಲಿ ಈಗ ಅದೇ ದೊಡ್ಡಿಗೆ ಎಂಟು, ಕೆಲವಕ್ಕೆ ಹದಿನಾರು ಗುರುತುಗೆರೆ ಹಾಕಿದ್ದಾರೆ. ಒಂದು ಗೆರೆಗೂ ಇನ್ನೊಂದಕ್ಕೂ ನಡುವೆ ಎಷ್ಟೋ ಚಿಪ್‌ಗಳಲ್ಲಿ ಕೆಲವು ಹತ್ತು ಎಲೆಕ್ಟ್ರಾನುಗಳಷ್ಟೇ ಅಂತರ. ಅಷ್ಟು ಸೋರಿದರೆ ಒಂದು ಅಂಕಿ ಇನ್ನೊಂದಾಗಿ ಓದಿಕೊಳ್ಳುತ್ತದೆ.

ಹೇಗೆ ಸೋರುತ್ತವೆ? ಗೋಡೆಯನ್ನು ಹಾರಿ ಹೋಗಲು ಎಲೆಕ್ಟ್ರಾನಿಗೆ ಸುಮಾರು 3.1 ಎಲೆಕ್ಟ್ರಾನ್‌ವೋಲ್ಟ್ (ಪರಮಾಣು ಲೋಕದಲ್ಲಿ ಶಕ್ತಿಯನ್ನು ಅಳೆಯುವ ಮಾನ) ಶಕ್ತಿ ಬೇಕು. ನಮ್ಮ ಕೋಣೆಯ ಕಾವು ಸರಾಸರಿಗೆ ಕೊಡುವುದು 0.026. ನೂರಿಪ್ಪತ್ತು ಪಟ್ಟು ಸಾಲದು. ಈ ಪಟ್ಟು ಸ್ವಲ್ಪ ಬದಲಾದರೂ ಫಲ ವಿಪರೀತ ಬದಲಾಗುತ್ತದೆ, ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಹಾರ್ಡ್ ಡಿಸ್ಕ್‌ನ ಉದಾಹರಣೆ ಹೆಚ್ಚು ಸುಲಭ. ಅಲ್ಲಿ ಮಾಹಿತಿ ಇರುವುದು ಸುಮಾರು ಎಂಟು ನ್ಯಾನೋಮೀಟರಿನ ಕಾಂತಕಣಗಳಲ್ಲಿ. ಕಣದ ಉತ್ತರ ದಕ್ಷಿಣ ತಲೆಕೆಳಗಾಗಲು ಬೇಕಾದ ಶಕ್ತಿ ಕಾವಿನ ಇಪ್ಪತ್ತು ಪಟ್ಟು ಇದ್ದರೆ, ಅದು ಅರ್ಧ ಸೆಕೆಂಡಿನಲ್ಲಿ ತಿರುಗಿಬಿಡುತ್ತದೆ. ನಲವತ್ತು ಪಟ್ಟು ಇದ್ದರೆ ಏಳೂವರೆ ವರ್ಷ. ಅರವತ್ತು ಪಟ್ಟು ಇದ್ದರೆ ಮುನ್ನೂರ ಅರವತ್ತು ಕೋಟಿ ವರ್ಷ. ಕಣದ ಗಾತ್ರ ಅರ್ಧವಾದರೆ ಪಟ್ಟೂ ಅರ್ಧವಾಗುತ್ತದೆ. ಆದ್ದರಿಂದ ಹಾರ್ಡ್ ಡಿಸ್ಕ್ ಮಾಡುವವರು ಕಣಗಳನ್ನು ಮನಸ್ಸು ಬಂದಷ್ಟು ಚಿಕ್ಕದು ಮಾಡುವಂತಿಲ್ಲ. ತಿರುಗಿಸಲು ಕಷ್ಟವಾದ ಗಟ್ಟಿ ಮಿಶ್ರಲೋಹ ಹಾಕಿ, ಬರೆಯುವ ಕ್ಷಣದಲ್ಲಿ ಮಾತ್ರ ಲೇಸರ್‌ನಿಂದ ಬಿಸಿ ಮಾಡುವ ಉಪಾಯಕ್ಕೆ ಕೈ ಹಾಕಿದ್ದಾರೆ.

ನೂರಿಪ್ಪತ್ತು ಪಟ್ಟಿನ ಗೋಡೆಯನ್ನು ಬರೀ ಕಾವು ಹಾರಿಸಲಾರದು ಎಂದಾಯಿತು. ಇಲ್ಲಿಗೆ ನಿಮ್ಮ ಮಗಳ ಕ್ವಾಂಟಂ ಬರುತ್ತದೆ. ಎಲೆಕ್ಟ್ರಾನು ಗೋಡೆಯನ್ನು ಹಾರದೆಯೇ ನುಸುಳಬಲ್ಲದು, ನಿಜ. ಆದರೆ ಗೋಡೆ 0.2 ನ್ಯಾನೋಮೀಟರ್‌ನಷ್ಟು ಹೆಚ್ಚು ದಪ್ಪವಾದರೆ ಸಾಕು, ನುಸುಳುವ ಸಾಧ್ಯತೆ ಅಂದಾಜು ಹತ್ತನೇ ಒಂದಕ್ಕೆ ಬೀಳುತ್ತದೆ. ಏಳೆಂಟು ನ್ಯಾನೋಮೀಟರಿಗೆ ಈ ಹತ್ತನೇ ಒಂದು ಎಷ್ಟು ಸಲ ಬಂತು ಎಂದು ಎಣಿಸಿದರೆ, ಒಳ್ಳೆಯ ಗೋಡೆಯಲ್ಲಿ ಯಾವ ಎಲೆಕ್ಟ್ರಾನೂ ನಿಮ್ಮ ಆಯುಸ್ಸಿನಲ್ಲಿ ನುಸುಳುವುದಿಲ್ಲ. ಇನ್ನೊಂದು ಸಂಗತಿಯನ್ನು ಮಗಳಿಗೆ ಹೇಳಿ: ಫೋಟೋ ಪೆನ್‌ಡ್ರೈವ್ ಒಳಗೆ ಹೋಗುವುದೇ ಈ ನುಸುಳುವಿಕೆಯಿಂದ. ಬರೆಯುವಾಗ ಚಿಪ್ ಜೋರು ವೋಲ್ಟೇಜ್ ಕೊಟ್ಟು ಗೋಡೆಯನ್ನು ಇಳಿಜಾರು ಮಾಡುತ್ತದೆ. ನುಸುಳಬೇಕಾದ ದೂರ ಕಡಿಮೆಯಾಗಿ ಎಲೆಕ್ಟ್ರಾನುಗಳು ಒಳಗೆ ಬೀಳುತ್ತವೆ. ಕ್ವಾಂಟಂ ಕಳ್ಳನಲ್ಲ, ಮನೆ ತುಂಬಿಸಿದವನೇ ಅವನು.

ಕಳ್ಳತನ ಆಗುವುದು ಕ್ವಾಂಟಂ, ಕಾವು ಇಬ್ಬರೂ ಸೇರಿದಾಗ. ಪ್ರತಿ ಬಾರಿ ಬರೆದು ಅಳಿಸಿದಾಗ ಆ ಜೋರಿಗೆ ಗೋಡೆಯೊಳಗೆ ಸಣ್ಣ ಸಣ್ಣ ದೋಷಗಳು ಹುಟ್ಟುತ್ತವೆ. ವಿಶ್ವೇಶ್ವರಯ್ಯ ನಾಲೆಯನ್ನು ಒಂದೇ ನೆಗೆತಕ್ಕೆ ಯಾರೂ ದಾಟಲಾರರು. ನಡುವೆ ಕಾಲಿಡಲು ಕಲ್ಲುಗಳಿದ್ದರೆ ಹುಡುಗರೂ ದಾಟುತ್ತಾರೆ. ದೋಷಗಳು ಅಂಥ ಕಲ್ಲುಗಳು. ಕಲ್ಲಿನಿಂದ ಕಲ್ಲಿಗೆ ನುಸುಳುವುದು ಕ್ವಾಂಟಂ ಕೆಲಸ, ಸಿಕ್ಕಿಬಿದ್ದ ಕಲ್ಲಿನಿಂದ ಎಬ್ಬಿಸುವುದು ಕಾವಿನ ಕೆಲಸ. ಹಾಗೆ ಎಬ್ಬಿಸಲು ಬೇಕಾದ ಶಕ್ತಿ ಸುಮಾರು 1.1 ಎಲೆಕ್ಟ್ರಾನ್‌ವೋಲ್ಟ್ ಎಂದು ಉದ್ಯಮದವರು ತಮ್ಮ ಪರೀಕ್ಷೆಗಳಲ್ಲಿ ಹಿಡಿಯುತ್ತಾರೆ. ಆ ಲೆಕ್ಕದಲ್ಲಿ 25 ಡಿಗ್ರಿಯಲ್ಲಿ ಆಗುವ ಸೋರಿಕೆ 35 ಡಿಗ್ರಿಯಲ್ಲಿ ನಾಲ್ಕು ಪಟ್ಟು ವೇಗವಾಗುತ್ತದೆ. 55 ಡಿಗ್ರಿಯಲ್ಲಿ, ಅಂದರೆ ಬೇಸಿಗೆಯಲ್ಲಿ ಗಾಜು ಮುಚ್ಚಿ ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನೊಳಗೆ, ಸುಮಾರು ಐವತ್ತು ಪಟ್ಟು.

ಕಾವಿನ ನಡುಕವನ್ನೂ ಕ್ವಾಂಟಂ ನಡುಕವನ್ನೂ ಬೇರ್ಪಡಿಸುವ ಉಪಾಯ ಇದರಲ್ಲೇ ಇದೆ: ತಣ್ಣಗೆ ಮಾಡುತ್ತಾ ಹೋಗಿ. ಸೋರಿಕೆ ಇಳಿಯುತ್ತಲೇ ಹೋದರೆ ಅದು ಕಾವಿನದು. ಒಂದು ಹಂತದಿಂದ ಕೆಳಗೆ ಇಳಿಯದೆ ನಿಂತುಬಿಟ್ಟರೆ ಅದು ಕ್ವಾಂಟಂನದು. 2025ರ ಭೌತವಿಜ್ಞಾನದ ನೊಬೆಲ್ ಪಡೆದ ಜಾನ್ ಕ್ಲಾರ್ಕ್, ಮಿಷೆಲ್ ಡೆವೊರೆ ಮತ್ತು ಜಾನ್ ಮಾರ್ಟಿನಿಸ್ 1984-85ರಲ್ಲಿ ಅತಿವಾಹಕ (ತಡೆಯಿಲ್ಲದೆ ವಿದ್ಯುತ್ ಹರಿಯುವ) ಸರ್ಕ್ಯೂಟ್ ಒಂದರಲ್ಲಿ ಇದೇ ಉಪಾಯ ಬಳಸಿದರು. ಕೈಯಲ್ಲಿ ಹಿಡಿಯಬಹುದಾದಷ್ಟು ದೊಡ್ಡ ಸರ್ಕ್ಯೂಟ್ ಕೂಡ ನುಸುಳಬಲ್ಲದು ಎಂದು ತೋರಿಸಿದರು. ಅದಕ್ಕೆ ಶೂನ್ಯದ ಹತ್ತಿರ ಹತ್ತಿರ, ಮೈನಸ್ 273 ಡಿಗ್ರಿಯ ಸುತ್ತಮುತ್ತ, ಇಳಿಯಬೇಕಾಯಿತು. ಮಂಡ್ಯದ ಬೀರುವಿನಲ್ಲಿ ಆಗುವಂಥದ್ದಲ್ಲ.

ಶೂನ್ಯದಲ್ಲೂ ನಡುಕ ನಿಲ್ಲುವುದಿಲ್ಲ ಎಂಬ ಮಗಳ ಮಾತಿಗೆ ನನ್ನ ಪೂರ್ಣ ಅಂಕ. ಹೀಲಿಯಂ ಅದಕ್ಕೆ ಸಾಕ್ಷಿ: ವಾಯುಮಂಡಲದ ಒತ್ತಡದಲ್ಲಿ ಎಷ್ಟೇ ತಣ್ಣಗೆ ಮಾಡಿದರೂ ಅದು ಗಟ್ಟಿಯಾಗುವುದಿಲ್ಲ, ದ್ರವವಾಗಿಯೇ ಇರುತ್ತದೆ. ಗಟ್ಟಿಯಾಗಲು ಸುಮಾರು ಇಪ್ಪತ್ತೈದು ಪಟ್ಟು ಒತ್ತಡ ಬೇಕು. ಅದರ ಪರಮಾಣುಗಳ ಕ್ವಾಂಟಂ ನಡುಕವೇ ಅವನ್ನು ಸಾಲಾಗಿ ಕೂರಲು ಬಿಡುವುದಿಲ್ಲ. ಆದರೆ ಕೋಣೆಯ ತಾಪಮಾನದಲ್ಲಿ, ಸೆಕೆಂಡಿಗೆ ಸುಮಾರು ಆರು ಲಕ್ಷ ಕೋಟಿ ಸಲಕ್ಕಿಂತ ನಿಧಾನವಾಗಿ ಅಲುಗುವ ಯಾವುದರಲ್ಲೇ ಆಗಲಿ, ಕಾವಿನ ಗದ್ದಲ ಕ್ವಾಂಟಂ ಪಿಸುಮಾತನ್ನು ಮುಚ್ಚಿಹಾಕುತ್ತದೆ. ನನ್ನ ಹಲಗೆ ಸೆಕೆಂಡಿಗೆ ಹದಿನೈದು ಸಾವಿರ ಸಲ ಅಲುಗುತ್ತಿತ್ತು. ಕಾವು ಅದನ್ನು ಪರಮಾಣುವಿನಷ್ಟು ಅಲುಗಿಸಿದರೆ, ಕ್ವಾಂಟಂ ಪಾಲು ಅದರ ಸುಮಾರು ಇಪ್ಪತ್ತೊಂಬತ್ತು ಸಾವಿರದಲ್ಲಿ ಒಂದು, ಹೆಚ್ಚುಕಡಿಮೆ ಚಿನ್ನದ ಪರಮಾಣುವಿನ ಬೀಜದಷ್ಟು. ಯಂತ್ರವೊಂದರಲ್ಲಿ ಆ ಪಿಸುಮಾತನ್ನು ಕೇಳಲು 2010ರವರೆಗೆ ಕಾಯಬೇಕಾಯಿತು. ಸೆಕೆಂಡಿಗೆ ಆರುನೂರು ಕೋಟಿ ಸಲ ಅಲುಗುವ ಪುಟ್ಟ ಪಟ್ಟಿಯನ್ನು ಶೂನ್ಯದಿಂದ ಒಂದು ಡಿಗ್ರಿಯ ನಲವತ್ತರಲ್ಲಿ ಒಂದು ಪಾಲಿನಷ್ಟೇ ಮೇಲಿನ ತಾಪಮಾನಕ್ಕೆ ಇಳಿಸಿ ಕೇಳಿದರು. ಇಂಥ ನಡುಕವನ್ನು ಅಂಗೈಯಗಲದ ಕಾಗದ ಹಚ್ಚಿ ತಡೆಯುತ್ತೇನೆ ಎನ್ನುವವರನ್ನು ಒಂದೇ ಪ್ರಶ್ನೆ ಕೇಳಿ: ನಿಮ್ಮ ಸ್ಟಿಕ್ಕರ್ ಚಿಪ್ಪನ್ನು ತಣ್ಣಗೆ ಮಾಡುತ್ತದೆಯೋ, ಒಳಗಿನ ಗೋಡೆಯನ್ನು ದಪ್ಪ ಮಾಡುತ್ತದೆಯೋ? ಮೂರನೆಯ ದಾರಿ ಇಲ್ಲ.

ನಿಮ್ಮ ಆ ಪೆನ್‌ಡ್ರೈವ್‌ಗೆ ಆದದ್ದೂ ಇದೇ ಎಂದು ನಾನು ಪ್ರಮಾಣ ಮಾಡಲಾರೆ. ಕಂಪ್ಯೂಟರಿನಲ್ಲಿ ಹೊರತೆಗೆಯುವ ಆಜ್ಞೆ ಕೊಡದೆ ಕಿತ್ತುಕೊಂಡಿದ್ದರೆ ಕಡತಗಳ ಪಟ್ಟಿ ಕೆಟ್ಟಿರಬಹುದು. ಅಗ್ಗದ ಪೆನ್‌ಡ್ರೈವ್‌ಗಳಲ್ಲಿ ಕಳಪೆ ದರ್ಜೆಯ ಚಿಪ್ ಇರುವುದೂ ಉಂಟು. ಆದರೆ ನೀವು ವಿವರಿಸಿದ ಲಕ್ಷಣ ಸೋರಿಕೆಗೆ ಹೊಂದುತ್ತದೆ. ಚಿಪ್‌ಗಳು ಸಣ್ಣಪುಟ್ಟ ತಪ್ಪುಗಳನ್ನು ತಾವೇ ತಿದ್ದಿಕೊಂಡು ಓದುತ್ತವೆ. ಆದ್ದರಿಂದ ವರ್ಷಗಟ್ಟಲೆ ಎಲ್ಲವೂ ಸರಿಯಿದ್ದಂತೆ ಕಾಣಿಸಿ, ತಿದ್ದುವ ಮಿತಿ ದಾಟಿದ ದಿನ ಒಮ್ಮೆಲೇ ಕುಸಿಯುತ್ತದೆ. ಬೂದು ಬಣ್ಣವೂ ಹಾಗೆಯೇ: ಜೆಪೆಗ್ ಚಿತ್ರವನ್ನು ಮೇಲಿನಿಂದ ಕೆಳಕ್ಕೆ ಬಿಡಿಸುತ್ತಾ ಹೋಗಬೇಕು, ನಡುವೆ ಒಂದೆಡೆ ಅಂಕಿ ತಪ್ಪಿದರೆ ಅಲ್ಲಿಂದ ಕೆಳಗಿನದು ದಿಕ್ಕುಗೆಡುತ್ತದೆ.

ಇನ್ನು ಏನು ಮಾಡಬಹುದು ಎಂಬುದಕ್ಕೆ. ಇದ್ದಂತೆಯೇ ಬಿಡುವುದು ಒಂದು ದಾರಿ, ಅದನ್ನು ನಾನು ದಾರಿ ಎಂದು ಕರೆಯುವುದಿಲ್ಲ. ಎಸ್‌ಎಸ್‌ಡಿಗೆ ಒಂದು ಉದ್ಯಮ ಮಾನದಂಡವಿದೆ: ಬರೆದು ಬರೆದು ಸವೆದುಹೋದ ಮೇಲೂ ವಿದ್ಯುತ್ ಇಲ್ಲದೆ 30 ಡಿಗ್ರಿಯಲ್ಲಿ ಒಂದು ವರ್ಷ ಮಾಹಿತಿ ಉಳಿಯಬೇಕು. ಹೊಸದರಂತಿರುವ ನಿಮ್ಮದು ಇದಕ್ಕಿಂತ ಬಹಳ ಹೆಚ್ಚು ಕಾಲ ಬಾಳುತ್ತದೆ. ಆದರೂ ಬೀರುವಿನಲ್ಲಿ ಇಟ್ಟು ಮರೆಯಲು ಮಾಡಿದ ವಸ್ತು ಅದಲ್ಲ ಎಂಬುದು ಆ ಮಾನದಂಡದಿಂದಲೇ ತಿಳಿಯುತ್ತದೆ. ವರ್ಷಕ್ಕೊಮ್ಮೆ ಚುಚ್ಚಿ ನೋಡಿದರೆ ಸಾಕು ಎಂದು ಕೆಲವರು ಹೇಳುತ್ತಾರೆ. ಕೆಲವು ಎಸ್‌ಎಸ್‌ಡಿಗಳು ವಿದ್ಯುತ್ ಸಿಕ್ಕಾಗ ಸೋರಿದ ದೊಡ್ಡಿಗಳನ್ನು ತಾವೇ ಮತ್ತೆ ಬರೆದುಕೊಳ್ಳುತ್ತವೆ, ಆದರೆ ಪೆನ್‌ಡ್ರೈವ್‌ನಿಂದ ಅದನ್ನು ನಿರೀಕ್ಷಿಸಬೇಡಿ. ಅದರಲ್ಲಿ ಫೋಟೋ ತೆರೆದು ನೋಡುವುದರಿಂದ ಎಲೆಕ್ಟ್ರಾನು ತುಂಬುವುದಿಲ್ಲ. ಪೂರ್ತಿ ಹೊರಕ್ಕೆ ತೆಗೆದು, ಫಾರ್ಮ್ಯಾಟ್ ಮಾಡಿ, ಮತ್ತೆ ಹಾಕಿದರೆ ಮಾತ್ರ ದೊಡ್ಡಿ ತುಂಬುತ್ತದೆ.

ಫ್ರಿಜ್ ವಿಚಾರದಲ್ಲಿ ನಿಮ್ಮ ಊಹೆ ನಗುವಂಥದ್ದಲ್ಲ. 30 ಡಿಗ್ರಿಯಿಂದ 5 ಡಿಗ್ರಿಗೆ ಇಳಿದರೆ ಅದೇ ಲೆಕ್ಕದಲ್ಲಿ ಸೋರಿಕೆ ನಲವತ್ತು ಪಟ್ಟು ನಿಧಾನವಾಗುತ್ತದೆ. ಅಪಾಯ ತೇವದ್ದು: ಹೊರಗೆ ತೆಗೆದ ಕೂಡಲೇ ಮೈಮೇಲೆ ಹನಿ ಕೂರುತ್ತದೆ, ಲೋಹದ ತುದಿ ತುಕ್ಕು ಹಿಡಿಯುತ್ತದೆ. ಇಡಲೇಬೇಕಿದ್ದರೆ ಸಿಲಿಕಾ ಜೆಲ್ ಜೊತೆ ಗಾಳಿಯಾಡದ ಚೀಲದಲ್ಲಿ ಇಡಿ, ತೆಗೆದ ಮೇಲೆ ಕೆಲವು ಗಂಟೆ ಚೀಲ ಬಿಚ್ಚಬೇಡಿ. ರೋಲಿಗೆ ಮಾಡುತ್ತಿದ್ದ ಉಪಚಾರವೇ ಇದು. ನಾನಾದರೆ ಇಡುವುದಿಲ್ಲ. ಬೀರುವನ್ನು ಶೀಟಿನ ಮಾಡಿನ ಕೋಣೆಯಿಂದಲೋ ಪಡುವಣ ಗೋಡೆಯಿಂದಲೋ ತಂಪಾದ ಒಳಕೋಣೆಗೆ ಸರಿಸಿ ಸುಮ್ಮನಾಗುತ್ತೇನೆ. ಅಲ್ಲಿ ಹತ್ತು ಡಿಗ್ರಿ ಕಡಿಮೆಯಾದರೆ ನಾಲ್ಕು ಪಟ್ಟು ಕಾಲ ಸಿಕ್ಕಂತೆ, ಖರ್ಚೂ ಇಲ್ಲ.

ನನ್ನ ಆಯ್ಕೆ ಎರಡು ಹಾರ್ಡ್ ಡಿಸ್ಕ್. ತಿರುಗುವ ತಟ್ಟೆಯ ಹಳೆಯ ಬಗೆಯವು, ಬೇರೆ ಬೇರೆ ಕಂಪನಿಯವು. ಒಂದು ಸ್ಟುಡಿಯೋದಲ್ಲಿ, ಇನ್ನೊಂದು ಮನೆಯಲ್ಲಿ. ಅವುಗಳ ಕಾಂತಕಣಗಳನ್ನು ಕಾವು ಸುಲಭವಾಗಿ ತಿರುಗಿಸದು. ಅವು ಸಾಯುವುದು ಬೇರೆ ಕಾರಣಕ್ಕೆ: ಕೈಜಾರಿ ಬೀಳುವುದು, ಮೋಟಾರು ಹಿಡಿದುಕೊಳ್ಳುವುದು. ಅದಕ್ಕೇ ಎರಡು. ವರ್ಷಕ್ಕೊಮ್ಮೆ ಎರಡನ್ನೂ ಓಡಿಸಿ, ಚೆಕ್‌ಸಮ್ ಎಂಬ ಲೆಕ್ಕದಿಂದ ಪ್ರತಿ ಕಡತ ಮೊದಲಿನಂತೆಯೇ ಇದೆಯೇ ಎಂದು ಹೋಲಿಸಿ. ಅದನ್ನು ಮಾಡುವ ಉಚಿತ ತಂತ್ರಾಂಶ ಹುಡುಕುವ ಕೆಲಸ ಮಗಳದಾಗಲಿ. ಐದಾರು ವರ್ಷಕ್ಕೊಮ್ಮೆ ಹೊಸ ಡಿಸ್ಕ್‌ಗೆ ದಾಟಿಸಿ. ಕ್ಲೌಡ್ ಎಂಬುದೂ ಕೊನೆಗೆ ಬೇರೆಯವರ ಡಿಸ್ಕ್‌ಗಳೇ. ಅವರು ಪ್ರತಿಗಳನ್ನು ಇಟ್ಟು ಹೋಲಿಸುತ್ತಾರೆ ಎಂಬುದು ಲಾಭ. ಬಾಡಿಗೆ ನಿಂತರೆ ಅಥವಾ ಪಾಸ್‌ವರ್ಡ್ ಮರೆತರೆ ಫೋಟೋ ಕೈತಪ್ಪುವುದು ನಷ್ಟ. ಮನೆಯಲ್ಲಿ ಸುಟ್ಟ ಡಿ.ವಿ.ಡಿ.ಗಳ ಬಣ್ಣದ ಪದರ ಬಿಸಿಲಿಗೂ ಸೆಕೆಗೂ ಮಾಸುತ್ತದೆ, ಅವನ್ನು ನಂಬಬೇಡಿ.

ಕೆಟ್ಟಿರುವ ಆ ಪೆನ್‌ಡ್ರೈವ್‌ಗೆ ಇನ್ನು ಏನನ್ನೂ ಬರೆಯಬೇಡಿ, "ಸರಿಪಡಿಸಲೇ?" ಎಂದು ಕಂಪ್ಯೂಟರ್ ಕೇಳಿದರೆ ಬೇಡ ಎನ್ನಿ. ಮೊದಲು ಅದರ ಪೂರ್ತಿ ಪ್ರತಿಬಿಂಬವನ್ನು ಒಂದೇ ಕಡತವಾಗಿ ಡಿಸ್ಕ್‌ಗೆ ತೆಗೆಯಿರಿ. ಓದಲಾಗದ ಭಾಗಗಳನ್ನು ಮತ್ತೆ ಮತ್ತೆ ಓದಿಸಿದರೆ ಕೆಲವು ಬರುತ್ತವೆ, ಏಕೆಂದರೆ ಗೆರೆಯ ಅಂಚಿನಲ್ಲಿರುವ ದೊಡ್ಡಿ ಒಂದು ಸಲ ಹೀಗೆ, ಇನ್ನೊಂದು ಸಲ ಹಾಗೆ ಓದಿಕೊಳ್ಳುತ್ತದೆ. ಅಲ್ಲೂ ಕೆಲಸ ಮಾಡುವುದು ಅದೇ ನಡುಕ, ಈ ಸಲ ನಿಮ್ಮ ಪರವಾಗಿ. ಚೇತರಿಕೆ ಅಂಗಡಿಗೆ ಕೊಡುವುದಾದರೆ ಆ ಪ್ರತಿಬಿಂಬ ತೆಗೆದ ಮೇಲೆಯೇ ಕೊಡಿ. ಇಷ್ಟೆಲ್ಲ ಮಾಡುವ ಮುಂಚೆ ಆ ಮದುವೆ ಮನೆಯವರಿಗೆ ಒಂದು ಫೋನು ಮಾಡಿ. 2014ರಲ್ಲಿ ನೀವೇ ಕೊಟ್ಟ ಆಲ್ಬಮ್ಮೋ ಸಿ.ಡಿ.ಯೋ ಅವರ ಅಟ್ಟದ ಮೇಲೆ ಇದ್ದೀತು.